ಜಿಂಕೆಗೆ ಎಂಟು ಗುಂಟೆ: ಒಂದು ವರ್ಷದ ಲೆಕ್ಕ

ಊರಿನ ಹೆಸರು ಹೇಳುವುದಿಲ್ಲ. ಕಾರಣ ಮುಂದೆ ಬರುತ್ತದೆ. ಶಿವಮೊಗ್ಗದಿಂದ ಹೊಸನಗರಕ್ಕೆ ಹೋಗುವ ಕಡೆ, ಶೆಟ್ಟಿಹಳ್ಳಿ ಅಭಯಾರಣ್ಯದ ಅಂಚಿನ ಹಳ್ಳಿ ಅಂದುಕೊಳ್ಳಿ. 1974ರಲ್ಲಿ ಅಭಯಾರಣ್ಯ ಆದದ್ದು ಅದು. ನಮ್ಮ ಅಡಿಕೆ ತೋಟದ ಮೇಲುಗಡೆ ಒಂದೂವರೆ ಎಕರೆ ಹಕ್ಕಲು, ಅಂದರೆ ಬೆಳೆ ಇಲ್ಲದ ಒಣ ಜಾಗ ಇದೆ, ಪಟ್ಟಾ ಜಾಗ. ಅಪ್ಪನ ಕಾಲದಲ್ಲಿ ಹದಿನಾರು ದನ ಮೇಯುತ್ತಿದ್ದ ಬ್ಯಾಣ. ಈಗ ಕೊಟ್ಟಿಗೆಯಲ್ಲಿರುವುದು ಎರಡೇ ದನ, ಹಾಗಾಗಿ ಬ್ಯಾಣದಲ್ಲಿ ಯುಪಟೋರಿಯಂ ಕಳೆ ಎದೆಮಟ್ಟ ಬೆಳೆದು, ಅದರ ಮೇಲೆ ಲಂಟಾನ ಹಬ್ಬಿ, ಒಳಗೆ ಮೂರು ನೆಲ್ಲಿ ಮರ ಇವೆ ಅನ್ನುವುದೇ ಮರೆತುಹೋಗಿತ್ತು.

ಅಲ್ಲಿ ಜಿಂಕೆಗೆ ಬಿತ್ತುವ ಹುಚ್ಚು ಹತ್ತಿದ್ದು ಯೂಟ್ಯೂಬಿನಿಂದ. ಅಮೆರಿಕದಲ್ಲಿ ಜನ ಕಾಡಿನ ನಡುವೆ ಸಣ್ಣ ಸಣ್ಣ ಜಾಗ ಬಿಡಿಸಿ ಕ್ಲೋವರ್, ಓಟ್ಸ್, ಮೂಲಂಗಿ ಜಾತಿಯ ಸೊಪ್ಪು ಎಲ್ಲ ಜಿಂಕೆಗೆಂದೇ ಬಿತ್ತುತ್ತಾರೆ. ಅದಕ್ಕೆ ಫುಡ್ ಪ್ಲಾಟ್ ಅಂತ ಹೆಸರು. ಟ್ರ್ಯಾಕ್ಟರ್ ಇಲ್ಲದವರು ಬರೀ ಕೈಯಲ್ಲಿ ಬೀಜ ಎರಚಿ, ಮೇಲಿಂದ ಕಳೆ ಸವರಿ ಮುಚ್ಚುತ್ತಾರೆ, ಮಳೆ ಬಂದಾಗ ಅದರಡಿಯಿಂದ ಮೊಳಕೆ ಏಳುತ್ತದೆ. ಅವರದ್ದು ಹೆಚ್ಚಾಗಿ ಬೇಟೆಗೆ. ನಮ್ಮಲ್ಲಿ ವನ್ಯಜೀವಿ ಕಾಯ್ದೆ ಇರುವಾಗ ಆ ಮಾತೇ ಇಲ್ಲ. ನನಗೆ ಸುಮ್ನೆ ನೋಡಬೇಕಿತ್ತು ಅಷ್ಟೇ.

ಚಿಕ್ಕಪ್ಪನಿಗೆ ಹೇಳಿದಾಗ ಅವರು ಕವಳ ಉಗುಳಿ ಬಂದು ಕೂತು ಹೇಳಿದ್ದು: "ಎಂತ ಮಾರಾಯ, ನಾವು ಮಾಳದಲ್ಲಿ ಕೂತು ಡಬ್ಬ ಬಡಿದು ಓಡಿಸ್ತೀವಿ, ನೀನು ಕರೆದು ಊಟ ಹಾಕ್ತೀಯಾ?"

ನ್ಯಾಯವಾದ ಪ್ರಶ್ನೆ. ಅವರ ಗದ್ದೆ ಹಕ್ಕಲಿನ ಕೆಳಗೆ, ಹಳ್ಳದ ಆಚೆ. ಗದ್ದೆಗೆ ಹತ್ತಿರ ಏನೂ ಬಿತ್ತುವುದಿಲ್ಲ, ಕಾಡಿಗೆ ತಾಗಿದ ಮೇಲಿನ ತುದಿಯಲ್ಲಿ ಮಾತ್ರ, ಗದ್ದೆಗೆ ಜಾಸ್ತಿ ಇಳಿಯತೊಡಗಿದರೆ ಅವತ್ತೇ ನಿಲ್ಲಿಸುತ್ತೇನೆ ಅಂತ ಮಾತು ಕೊಟ್ಟೆ. ಎಂಟು ಗುಂಟೆ ಗುರುತು ಹಾಕಿದೆ. ಬಾಳೆ, ಹಲಸು ಇಲ್ಲಿ ಹಾಕಬಾರದು ಅಂತಲೂ ಆಗಲೇ ತೀರ್ಮಾನ ಮಾಡಿಕೊಂಡೆ. ಆನೆ ಬಂದರೆ ನನ್ನ ಹವ್ಯಾಸ ಊರಿಗೇ ತಲೆನೋವು.

ಮೇ ಕೊನೆ, ರೋಹಿಣಿ ಮಳೆ

ಕಳೆ ತೆಗೆಯುವುದರಲ್ಲೇ ಹನ್ನೊಂದು ದಿನ ಹೋಯಿತು. ಮೊದಲ ಮೂರು ದಿನ ಕತ್ತಿಯಲ್ಲಿ ಸವರಿದೆ, ಅದು ದಂಡ. ಯುಪಟೋರಿಯಂ ಸವರಿದರೆ ಬುಡದಿಂದ ನಾಲ್ಕರಷ್ಟು ಚಿಗುರುತ್ತದೆ. ಒಂದೆರಡು ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ ಬುಡಕ್ಕೆ ಕೈಹಾಕಿ ಕಿತ್ತರೆ ಬೇರಿನ ಸಮೇತ ಬರುತ್ತದೆ. ಲಂಟಾನಕ್ಕೆ ಕೈ ಸಾಲದು. ಪಿಕಾಸಿಯಿಂದ ಬುಡ ಬಿಡಿಸಿ, ಮಣ್ಣಿನೊಳಗೇ ಬೇರು ಕಡಿದು, ಗಿಡವನ್ನು ತಲೆಕೆಳಗು ಮಾಡಿ ಒಣಗಲು ಬಿಡಬೇಕು. ಹಾಗೇ ಮಲಗಿಸಿದರೆ ಮತ್ತೆ ಬೇರು ಬಿಡುತ್ತದೆ, ಹಟಮಾರಿ. ಕೂಲಿಗೆ ಬಂದ ಅಣ್ಣ ಎರಡನೇ ದಿನ ಕೇಳಿದರು, "ಇಲ್ಲಿ ಎಂತ ಬೆಳೆ?" ಜಿಂಕೆಗೆ ಅಂದೆ. ಮೂರನೇ ದಿನ ಅವರು ಬರಲಿಲ್ಲ.

ಮಣ್ಣು ಪರೀಕ್ಷೆ ಮಾಡಿಸಿದೆ. ರಸಸಾರ (ಪಿಎಚ್) 5.2. ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣಿಗೆ ಇದೇನು ಹೊಸದಲ್ಲ, ಮಳೆ ಸುಣ್ಣದಂಶವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಇಷ್ಟು ಹುಳಿ ಮಣ್ಣಿನಲ್ಲಿ ದ್ವಿದಳ ಧಾನ್ಯದ ಬೇರಿನಲ್ಲಿ ಗಂಟು ಸರಿಯಾಗಿ ಕಟ್ಟುವುದಿಲ್ಲ. ಎಂಟು ಗುಂಟೆಗೆ 40 ಕೆಜಿ ಕೃಷಿ ಸುಣ್ಣ ಎರಚಿದೆ. ಗಾಳಿ ತಿರುಗಿತು. ಮನೆಗೆ ಬಂದಾಗ ಅಮ್ಮ ನನ್ನ ಮುಖ ನೋಡಿ ಯಕ್ಷಗಾನಕ್ಕೆ ಹೋಗಿದ್ದೆಯಾ ಅಂತ ಕೇಳಿದರು.

ಜೂನ್, ಮೃಗಶಿರ

"ಮೃಗಶಿರ ಮಳೆಯಲ್ಲಿ ಮೃಗಕ್ಕೇ ಬಿತ್ತೋಕೆ ಹೊರಟಿದ್ದಾನೆ" ಅಂತ ಅಮ್ಮ ಪಕ್ಕದ ಮನೆಯವರಿಗೆ ಫೋನಿನಲ್ಲಿ ಹೇಳುತ್ತಿದ್ದರು. ಆ ಮಳೆಗೆ ಬಿತ್ತಿದ್ದೇ ತಪ್ಪು ಅನ್ನುವುದು ಅವರಿಗೆ ಗೊತ್ತಿತ್ತು, ನನಗೆ ಹೇಳಲಿಲ್ಲ. ಕೇಳಿದ್ದಕ್ಕೆ "ನೀನು ಕೇಳಿದ್ರೆ ತಾನೆ" ಅಂದರು.

ಮೂರು ಕೆಜಿ ಅಲಸಂದೆ. ವಿಡಿಯೊದವರ ಹಾಗೇ ಎರಚಿ, ಮೇಲೆ ಸವರಿದ ಸೊಪ್ಪು ಹಾಸಿದೆ. ಐದನೇ ದಿನಕ್ಕೆ ಮೊಳಕೆ ಬಂತು, ಫೋಟೊ ತೆಗೆದು ಎಲ್ಲರಿಗೂ ಕಳಿಸಿದೆ. ಆಮೇಲೆ ಆರಿದ್ರಾ ಮಳೆ ಹಿಡಿಯಿತು. ಒಂಬತ್ತು ದಿನ ಬಿಡಲಿಲ್ಲ. ಹಾಸಿದ ಸೊಪ್ಪಿನ ಕೆಳಗೆ ನೀರು ನಿಂತು, ಗಿಡದ ಕುತ್ತಿಗೆ ಕಪ್ಪಾಗಿ, ಮುಟ್ಟಿದರೆ ಬೆರಳಿಗೆ ಲೋಳೆ ಅಂಟುವ ಹಾಗೆ ಕೊಳೆಯಿತು. ಅಲ್ಲಿನವರ ಮಳೆ ಬೇರೆ, ನಮ್ಮ ಮಳೆ ಬೇರೆ. ಒಣಭೂಮಿಯಲ್ಲಿ ತೇವ ಉಳಿಸುವ ಹೊದಿಕೆ ಮಲೆನಾಡಿನ ಜುಲೈನಲ್ಲಿ ಗಿಡಕ್ಕೆ ಒದ್ದೆ ಕಂಬಳಿ ಹೊದಿಸಿದ ಹಾಗೆ. ಉಂಬಳಗಳಿಗೆ (ಜಿಗಣೆಗಳಿಗೆ) ಮಾತ್ರ ಒಳ್ಳೆಯ ಮನೆ ಆಯಿತು. ಒಂದು ದಿನ ಗಂಬೂಟಿನ ಒಳಗಿಂದ ಹದಿನೇಳು ತೆಗೆದಿದ್ದೇನೆ, ಲೆಕ್ಕ ಇಟ್ಟಿದ್ದೇನೆ.

ಆ ಮಳೆಯಲ್ಲಿ ಸರಿಹೋದದ್ದು ಗಿಡ ನೆಟ್ಟದ್ದು ಮಾತ್ರ. ನೇರಳೆ ಆರು, ತಾರೆ ನಾಲ್ಕು, ಕವಲು ಎರಡು, ಅತ್ತಿ ಎರಡು, ಎಲ್ಲ ಕಾಡಿನ ಜಾತಿಯೇ. ತಾರೆಕಾಯಿ ಬಿದ್ದದ್ದನ್ನು ಜಿಂಕೆ, ಕಾಡುಕುರಿ (ಬೊಗಳುವ ಜಿಂಕೆ) ಎರಡೂ ತಿನ್ನುತ್ತವೆ. ಎರಡು ನೇರಳೆಯ ಬುಡವನ್ನು ಮುಳ್ಳುಹಂದಿ ಕೆರೆದು ತೊಗಟೆ ತಿಂದಿತು. ಉಳಿದವಕ್ಕೆ ಬಿದಿರು ತಟ್ಟಿ ಕಟ್ಟಿದೆ.

ಜುಲೈ, ಆಗಸ್ಟ್

ಬರೆಯುವಂಥದ್ದು ಏನಿಲ್ಲ. ಅಡಿಕೆಗೆ ಬೋರ್ಡೊ ದ್ರಾವಣ ಹೊಡೆಯುವುದು, ಬಸಿಗಾಲುವೆ, ಕರೆಂಟಿಲ್ಲ.

ಸೆಪ್ಟೆಂಬರ್ ಕೊನೆ, ಹಸ್ತ

ಈ ಸಲ ಅಮ್ಮನನ್ನು ಕೇಳಿಯೇ ಹೊರಟೆ. ಹುರುಳಿ. ಮಳೆ ಇಳಿಮುಖ ಆದ ಮೇಲೆ, ನೆಲದಲ್ಲಿ ಉಳಿದ ತೇವದಲ್ಲೇ ಬರುವ ಬೆಳೆ. ಮೂರು ಕೆಜಿ ಬೀಜಕ್ಕೆ ಬೇರಿನಲ್ಲಿ ಗಂಟು ಕಟ್ಟಿಸುವ ರೈಜೋಬಿಯಂ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಹಚ್ಚಿ, ನೆರಳಿನಲ್ಲಿ ಆರಿಸಿ, ಸಂಜೆ ಬಿತ್ತಿದೆ. ಹಾಸು ಇಲ್ಲ, ಕುಂಟೆಯಲ್ಲಿ ಎಳೆದು ಮಣ್ಣು ಮುಚ್ಚಿದೆ ಅಷ್ಟೇ. ಎಂಟು ಗುಂಟೆಯಲ್ಲಿ ಐದಕ್ಕೆ ಮಾತ್ರ ಬೀಜ ಸಾಕಾಯಿತು. ಉಳಿದ ಮೂರು ಗುಂಟೆ, ಅಂದರೆ ನೆಲ್ಲಿ ಮರಗಳ ಸುತ್ತ, ಬರೀ ಕಳೆ ಕಿತ್ತು ಹಾಗೇ ಬಿಟ್ಟೆ. ಸೋಮಾರಿತನ ಅನ್ನಿ.

ಮಧ್ಯೆ ಒಂದು ಮೀಟರ್ ಚೌಕಕ್ಕೆ ನಾಲ್ಕೂ ಕಡೆ ತಟ್ಟಿ ಕಟ್ಟಿದೆ, ಒಳಗೆ ಯಾವುದೂ ಬಾಯಿ ಹಾಕದ ಹಾಗೆ. ಹೊರಗಿನದ್ದು ಬೆಳೆಯಲಿಲ್ಲವೋ ತಿಂದು ಹೋಯಿತೋ ಅಂತ ಗೊತ್ತಾಗಬೇಕಲ್ವಾ. ಕಾಡಿನಿಂದ ಬರುವ ಜಾಡಿನಲ್ಲಿ ಚಾಪೆಯಗಲ ಜಾಗಕ್ಕೆ ಸೋಸಿದ ಮಣ್ಣು ಹರಡಿ ಕೈಯಲ್ಲಿ ಸವರಿ ನುಣುಪು ಮಾಡಿದೆ. ಬೆಳಿಗ್ಗೆ ಹೋಗಿ ಹೆಜ್ಜೆ ಓದಿ, ಮತ್ತೆ ಸವರಿ ಬರುವುದು. ಕ್ಯಾಮೆರಾಗೆ ದುಡ್ಡಿಲ್ಲ, ಇದಕ್ಕೆ ಖರ್ಚಿಲ್ಲ.

ಅಕ್ಟೋಬರ್

ನಾಲ್ಕನೇ ದಿನ ಮೊಳಕೆ. ಹದಿನೆಂಟನೇ ದಿನದ ತನಕ ಮಣ್ಣಿನ ಮೇಲೆ ಕಾಡುಕೋಳಿ, ಮೊಲ, ನಮ್ಮದೇ ನಾಯಿ. ನಾಯಿಯನ್ನು ರಾತ್ರಿ ಕಟ್ಟಿಹಾಕಲು ಶುರು ಮಾಡಿದೆ. ಹತ್ತೊಂಬತ್ತನೇ ದಿನ ಬೆಂಕಿಪೊಟ್ಟಣದಷ್ಟು ಉದ್ದದ ಸೀಳುಗೊರಸು, ಮುಂದೆ ಚೂಪು, ಒಂದರ ಮೇಲೊಂದು ತುಳಿದು ಲೆಕ್ಕ ಸಿಗದಷ್ಟು. ಜಿಂಕೆ ಹಿಂಡು. ಹಂದಿ ಅಲ್ಲ ಅಂತ ಹೇಗೆ ಗೊತ್ತಾಯಿತು ಅಂದರೆ, ಹಂದಿಯ ಹೆಜ್ಜೆಯ ಹಿಂದೆ ಅಕ್ಕಪಕ್ಕ ಎರಡು ಚುಕ್ಕೆ ಸಾಮಾನ್ಯವಾಗಿ ಬೀಳುತ್ತವೆ, ಇದರಲ್ಲಿ ಇರಲಿಲ್ಲ.

ಮೇಲೆ ಹತ್ತಿ ನೋಡಿದರೆ ಹುರುಳಿಯ ಅರ್ಧ ಇಲ್ಲ. ಎರಡನೇ ರಾತ್ರಿಗೆ ಪೂರ್ತಿ ಇಲ್ಲ. ತಟ್ಟಿಯ ಒಳಗೆ ಮಾತ್ರ ಒಂದು ಚೌಕ ಹಸಿರು ನಿಂತಿತ್ತು, ಬೋಳು ತಲೆಯ ಮೇಲೆ ಜುಟ್ಟು ಬಿಟ್ಟ ಹಾಗೆ. ನಾಲ್ಕು ತಿಂಗಳ ಕೆಲಸ ಎರಡು ರಾತ್ರಿಯ ಊಟ. ಖುಷಿ ಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಐದು ಗುಂಟೆ ಒಂದು ಹಿಂಡಿಗೆ ಉಪ್ಪಿನಕಾಯಿ ಇದ್ದ ಹಾಗೆ ಅಂತ ಈಗ ಅರ್ಥ ಆಗುತ್ತದೆ. ಎಳೆಯದರಲ್ಲೇ ಬಾಯಿ ಬಿದ್ದರೆ ಬೇರು ಊರುವ ಮೊದಲೇ ಗಿಡ ಮುಗಿಯುತ್ತದೆ.

ನವೆಂಬರ್

ಹುರುಳಿ ಮುಗಿದ ಮೇಲೂ ಹೆಜ್ಜೆ ನಿಲ್ಲಲಿಲ್ಲ. ಯಾಕೆ ಅಂತ ಒಂದು ವಾರ ಗೊತ್ತಾಗಲಿಲ್ಲ. ಜಾಡು ಹಿಡಿದು ಹೋದರೆ ಅದು ನಾನು ಬಿತ್ತದ ಮೂರು ಗುಂಟೆಗೆ ಹೋಗುತ್ತದೆ. ಅಲ್ಲಿ ಬೆಳಕು ಬಿದ್ದದ್ದೇ ತಡ, ಎಷ್ಟೋ ವರ್ಷದಿಂದ ಮುಚ್ಚಿಕೊಂಡಿದ್ದ ನೆಲದಿಂದ ಗರಿಕೆ, ಕರಡ, ಹೆಸರು ಗೊತ್ತಿಲ್ಲದ ಇನ್ನೆರಡು ಹುಲ್ಲು, ನೆಲಕ್ಕೆ ಹಬ್ಬುವ ಒಂದು ಕಾಡು ದ್ವಿದಳ ಬಳ್ಳಿ, ಎಲ್ಲ ತಾವಾಗಿ ಎದ್ದಿದ್ದವು. ಬಗ್ಗಿ ನೋಡಿದೆ. ಒಂದೊಂದು ಹುಲ್ಲಿನ ತುದಿಯೂ ಕತ್ತರಿಯಲ್ಲಿ ಅಲ್ಲ, ಹರಿದ ಬಟ್ಟೆಯ ಅಂಚಿನ ಹಾಗೆ ಎಳೆ ಎಳೆಯಾಗಿತ್ತು. ಜಿಂಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಕಚ್ಚಿ ಹರಿಯುತ್ತದೆ. ಕಚ್ಚಿದ ಮೇಲೂ ಬುಡದಿಂದ ಹುಲ್ಲು ಮತ್ತೆ ಚಿಗುರಿತ್ತು. ಹುರುಳಿಗೆ ಆಗದ್ದು ಇದಕ್ಕೆ ಆಗುತ್ತದೆ.

ಬೀಜ, ಸುಣ್ಣ, ಕೂಲಿ ಸೇರಿ ಆಗಿದ್ದ ಖರ್ಚು 6,400 ರೂಪಾಯಿ. ಜಿಂಕೆ ಬಂದದ್ದು ನಾನು ಹುರುಳಿ ಬಿತ್ತದೇ ಬಿಟ್ಟ ಜಾಗಕ್ಕೆ. ಚಿಕ್ಕಪ್ಪನಿಗೆ ಇದನ್ನು ಇನ್ನೂ ಹೇಳಿಲ್ಲ.

ಡಿಸೆಂಬರ್

ನೆಲ್ಲಿ ಬೀಳತೊಡಗಿತು. ಮುಸಿಯಗಳು (ಕಪ್ಪು ಮುಖದ ಮಂಗಗಳು) ಮೇಲೆ ಕೂತು ಅರ್ಧ ತಿಂದು ಅರ್ಧ ಬೀಳಿಸುತ್ತವೆ, ಕೆಳಗೆ ಜಿಂಕೆ ಆಯ್ದುಕೊಳ್ಳುತ್ತವೆ. ಒಂದು ಸಂಜೆ ದೂರದ ಧರೆಯ (ಮಣ್ಣಿನ ದಿಬ್ಬದ) ಹಿಂದೆ ಕೂತು ನಲವತ್ತು ನಿಮಿಷ ನೋಡಿದೆ. ಒಂಬತ್ತು ಜಿಂಕೆ, ಅದರಲ್ಲಿ ಕೊಂಬಿನ ಗಂಡು ಒಂದು. ಕತ್ತಲಾಗುವ ಹೊತ್ತಿಗೆ ಅವು ಹೋದ ಮೇಲೆ ಒಂದೇ ಒಂದು ಕಾಡುಕುರಿ ಬಂತು, ಎರಡು ಕಾಯಿ ತಿಂದಿತು, ನನ್ನ ವಾಸನೆ ಹಿಡಿದು ನಾಯಿಯ ಹಾಗೆ ಬೊಗಳಿತು. ಮನೆಯಲ್ಲಿ ಕಟ್ಟಿದ್ದ ನಾಯಿ ಉತ್ತರ ಕೊಟ್ಟಿತು.

ಮರುದಿನ ಸ್ವಲ್ಪ ಆಚೆ, ಹಿಂಡು ಮಲಗಿದ್ದ ಜಾಗದಲ್ಲಿ, ಹಿಕ್ಕೆಯ ಪಕ್ಕ ಒಂದು ಹಿಡಿ ನೆಲ್ಲಿ ಗೊರಟು ಗುಡ್ಡೆ ಬಿದ್ದಿತ್ತು. ತೊಳೆದಿಟ್ಟಷ್ಟು ಚೊಕ್ಕ, ಆರು ಏಣು ಎದ್ದು ಕಾಣುವಷ್ಟು. ಜಿಂಕೆ ನೆಲ್ಲಿಕಾಯಿ ನುಂಗಿ, ಆಮೇಲೆ ಎಲ್ಲೋ ಮಲಗಿ ಮೆಲುಕು ಹಾಕುವಾಗ ಗೊರಟು ಉಗುಳುತ್ತದೆ. ಬೀಜ ಮರದಿಂದ ದೂರ ಹೋಗುವುದು ಹೀಗೆ. ನಾನು ಎಂಟು ಗುಂಟೆ ಬಿತ್ತಲು ಇಷ್ಟು ಒದ್ದಾಡಿದೆ, ಇವು ಮಲಗಿಕೊಂಡೇ ಬಿತ್ತುತ್ತವೆ. ಗೊರಟನ್ನೆಲ್ಲ ಆರಿಸಿ ತಂದು ಬಿಸಿಲಿಗೆ ಹರಡಿದೆ. ನಾಲ್ಕೈದು ದಿನಕ್ಕೆ ಅವು ಚಟ್ ಚಟ್ ಅಂತ ಸಿಡಿದು ಒಳಗಿನ ಸಣ್ಣ ಕಂದು ಬೀಜ ಬಿಟ್ಟವು. ಮೇಲೆ ಬಟ್ಟೆ ಮುಚ್ಚದಿದ್ದರೆ ಅಂಗಳ ತುಂಬ ಹುಡುಕಬೇಕು. ನೀರಿಗೆ ಹಾಕಿ, ತೇಲಿದ್ದನ್ನು ಬಿಸಾಡಿ, ಮುಳುಗಿದ್ದನ್ನು ಇಟ್ಟುಕೊಂಡೆ.

ಇದೇ ತಿಂಗಳು ಜಾಡಿನ ತಿರುವಿನಲ್ಲಿ, ಮೊಣಕಾಲಿನ ಎತ್ತರಕ್ಕೆ, ಬೈಕಿನ ಬ್ರೇಕ್ ವೈರಿನ ಉರುಳು ಕಂಡಿತು. ಹೊಳೆಯುತ್ತಿತ್ತು, ಹೊಸದು. ಕೈಕಾಲು ತಣ್ಣಗಾಯಿತು. ನಾನು ಮೇವು ಹಾಕಿ ಒಂದೇ ಜಾಡಿಗೆ ತಂದದ್ದು, ಇನ್ಯಾರೋ ಅದೇ ಜಾಡಿಗೆ ಉರುಳು ಕಟ್ಟಿದ್ದು. ಫೋಟೊಗಳನ್ನು ಎಲ್ಲರಿಗೂ ಕಳಿಸಿದ್ದವನೂ ನಾನೇ ಅಲ್ವಾ. ಅರಣ್ಯ ಇಲಾಖೆಯ ಗಾರ್ಡ್‌ಗೆ ತೋರಿಸಿ ತೆಗೆಸಿದೆ, ಈಗ ದಿನಾ ಜಾಡು ಸುತ್ತುವುದು ಕೆಲಸದ ಮೊದಲ ಭಾಗ. ಊರ ಹೆಸರು ಹಾಕದಿರುವುದು ಇದಕ್ಕೇ. ನಿಮ್ಮಲ್ಲಿ ಯಾರಾದರೂ ಹೀಗೆ ಮಾಡುವುದಿದ್ದರೆ ಬೀಜದ ಲೆಕ್ಕಕ್ಕಿಂತ ಮೊದಲು ಇದನ್ನು ಯೋಚಿಸಿ. ಜಿಂಕೆ ನೆಕ್ಕಲು ಉಪ್ಪಿನ ಗಡ್ಡೆ ಇಡುವ ಯೋಚನೆಯನ್ನೂ ಬಿಟ್ಟೆ, ಒಂದೇ ಕಡೆ ಅಷ್ಟು ಪ್ರಾಣಿ ಸೇರುವುದು ಬೇಡ.

ಫೆಬ್ರವರಿ

ಒಳಗೆ ಹೋಗುವುದು ಕಡಿಮೆ ಮಾಡಿದ್ದೇನೆ. ಉಣ್ಣೆಯ (ರಕ್ತ ಹೀರುವ ಉಣುಗಿನ) ಕಾಲ. ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ, ಇಲ್ಲಿಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಡಿಸೆಂಬರಿನಿಂದ ಮೇ ತನಕ ದರಕಿನಲ್ಲಿ (ಒಣಗಿ ಬಿದ್ದ ಎಲೆಯಲ್ಲಿ) ಕೂರುವುದು ಅಂದರೆ ಕರೆದು ಕಚ್ಚಿಸಿಕೊಂಡ ಹಾಗೆ. ಡಿಸೆಂಬರಿನಲ್ಲಿ ನಾನು ಧರೆಯ ಹಿಂದೆ ಕೂತದ್ದೂ ತಪ್ಪೇ, ಅಮ್ಮ ಎರಡು ದಿನ ಮಾತಾಡಲಿಲ್ಲ. ಈಗ ಉಣ್ಣೆ ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿ, ಪ್ಯಾಂಟನ್ನು ಸಾಕ್ಸಿಗೆ ಸಿಕ್ಕಿಸಿ, ಹೆಜ್ಜೆ ನೋಡಿ, ಉರುಳು ನೋಡಿ ವಾಪಸ್. ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆ ಹೊರಗೆ. ದನ ಆ ಕಡೆ ಬಿಡುವುದಿಲ್ಲ. ಮಂಗ ಸತ್ತದ್ದು ಕಂಡರೆ ಮುಟ್ಟದೆ ಆಸ್ಪತ್ರೆಗೆ ತಿಳಿಸುವುದು ಅಂತ ಮನೆಯವರೆಲ್ಲ ಮಾತಾಡಿಕೊಂಡಿದ್ದೇವೆ.

ಮಾರ್ಚ್

ಕಾಡಿನ ಕಡೆಗೆ ಹತ್ತು ಅಡಿ ಅಗಲ ದರಕು ಗುಡಿಸಿ ಬೆಂಕಿ ದಾರಿ ಮಾಡಿದೆ. ಯುಪಟೋರಿಯಂ ಗಾಳಿಗೆ ಬೀಜ ತೂರಿ ಆಗಿದೆ, ಹೂವಿಗೆ ಮೊದಲೇ ಅಂಚಿನದ್ದನ್ನು ಕೀಳಬೇಕಿತ್ತು, ತಡವಾಯಿತು. ಮಳೆ ಬಿದ್ದ ಮೇಲೆ ಇನ್ನೂ ನಾಲ್ಕು ಗುಂಟೆ ಕಳೆ ಕೀಳುವುದು, ಹುಲ್ಲಿಗೆ ಬಿಡುವುದು. ಹುರುಳಿ ಈ ಸಲ ಒಂದೇ ಗುಂಟೆ, ಅದೂ ತಟ್ಟಿಯೊಳಗೆ, ನಮಗೆ ಸಾರಿಗೆ.

ನೆಲ್ಲಿ ಸಸಿ ಕೊಟ್ಟೆ ಚೀಲದಲ್ಲಿ 43 ಇವೆ, ಬೆರಳುದ್ದ. ಮೊನ್ನೆ ಚಿಕ್ಕಪ್ಪ ಬಂದು ಒಂದೊಂದನ್ನೇ ಎತ್ತಿ ನೋಡಿದರು. ಈ ಸಲ ಗದ್ದೆಗೆ ಜಿಂಕೆ ಇಳಿದದ್ದು ಹಿಂದಿನಷ್ಟೇ, ಜಾಸ್ತಿಯೂ ಇಲ್ಲ ಕಡಿಮೆಯೂ ಇಲ್ಲ ಅಂದರು. ಹೋಗುವಾಗ ಆರು ಸಸಿ ಹೆಡಿಗೆಗೆ ಹಾಕಿಕೊಂಡರು. ಜಿಂಕೆಗಲ್ಲವಂತೆ, ಉಪ್ಪಿನಕಾಯಿಗೆ.