ಕೆಂಪಿಗೆ ನೀಲಿ ಬೆರೆಸಿದರೆ ಹುಣಸೆಹುಳಿ

ಮಾರ್ಚ್ ತಿಂಗಳ ಒಂದು ಭಾನುವಾರ. ಬೆಂಗಳೂರಿನ ತುಂಬಾ ಜಕರಾಂಡ ಬಿಟ್ಟಿತ್ತು. ನಮ್ಮ ಬೀದಿ ಕೊನೆಯ ಮರವಂತೂ ಎಲೆಯೇ ಕಾಣದಷ್ಟು ಹೂ ಹೊತ್ತು ನಿಂತಿತ್ತು, ಕೆಳಗೆ ಟಾರು ರಸ್ತೆಯೂ ನೇರಳೆ. ಇದನ್ನು ಬರೆಯಲೇಬೇಕು ಅನ್ನಿಸಿ ಹೊಸ ವಾಟರ್ ಕಲರ್ ಡಬ್ಬಿ, ಒಂದು ಲೋಟ ನೀರು, ಮಡಚುವ ಸ್ಟೂಲು ಹಿಡಿದುಕೊಂಡು ಹೋಗಿ ಎದುರಿನ ಫುಟ್‌ಪಾತ್ ಮೇಲೆ ಕೂತೆ.

ಡಬ್ಬಿಯಲ್ಲಿ 12 ಟ್ಯೂಬು. ನೇರಳೆ ಇರಲಿಲ್ಲ. ಅದಕ್ಕೇನಂತೆ, ಕೆಂಪು ನೀಲಿ ಸೇರಿದರೆ ನೇರಳೆ ಅಂತ ಸ್ಕೂಲಲ್ಲೇ ಓದಿದ್ದೆವಲ್ಲ. ವರ್ಮಿಲಿಯನ್ ಹಿಂಡಿದೆ, ಪಕ್ಕದಲ್ಲಿ ಪ್ರಷಿಯನ್ ಬ್ಲೂ ಹಿಂಡಿದೆ, ಕಲಸಿದೆ. ಬಂದದ್ದು ಹುಣಸೆಹಣ್ಣು ಕಿವುಚಿದ ನೀರು. ನೀಲಿ ಜಾಸ್ತಿ ಹಾಕಿದರೆ ಸ್ಲೇಟು, ಕೆಂಪು ಜಾಸ್ತಿ ಹಾಕಿದರೆ ಇಟ್ಟಿಗೆ, ಬಿಳಿ ಬೆರೆಸಿದರೆ ಒಲೆಯ ಬೂದಿ. ಮುಕ್ಕಾಲು ಗಂಟೆ ಹೀಗೇ ಹೋಯಿತು. ಟ್ಯೂಬೇ ಕಲಬೆರಕೆ ಇರಬೇಕು ಅಂತ ಅಂಗಡಿಯವನನ್ನೂ ಬೈದುಕೊಂಡೆ.

ನಮ್ಮ ಭಾವ ಆಫ್‌ಸೆಟ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಾರೆ. ಫೋನ್ ಮಾಡಿ ಗೋಳು ಹೇಳಿಕೊಂಡೆ. ನಕ್ಕರು. "ಅಲ್ಲಯ್ಯಾ, ನಿನ್ನ ಕೆಂಪು ಯಾವ ಕೆಂಪು? ಕುಂಕುಮದ್ದೋ, ಬೀಟ್‌ರೂಟಿಂದೋ?"

ಕುಂಕುಮದ್ದು ಅಂದೆ.

"ಅಲ್ಲೇ ಕೆಟ್ಟಿತು. ನಮ್ಮ ಮೆಷಿನ್ನಲ್ಲಿ ಕೆಂಪೂ ಇಲ್ಲ, ನೀಲಿಯೂ ಇಲ್ಲ. ಸಯಾನ್ ಅನ್ನೋ ಹಸಿರುನೀಲಿ, ಮೆಜೆಂಟಾ ಅನ್ನೋ ಗುಲಾಬಿ-ನೇರಳೆ, ಹಳದಿ, ಕಪ್ಪು, ಅಷ್ಟೇ. ಕುಂಕುಮದ ಕೆಂಪು ಬೇಕಾದರೆ ಮೆಜೆಂಟಾ ಮೇಲೆ ಹಳದಿ ಹೊಡೀತೀವಿ. ನೇರಳೆ ಬೇಕಾದರೆ ಹಳದಿಯನ್ನ ಹತ್ತಿರ ಸೇರಿಸಲ್ಲ."

ಆಗ ತಲೆಗೆ ಹೋಯಿತು. ವರ್ಮಿಲಿಯನ್ ಕಿತ್ತಳೆಯ ಕಡೆಗೆ ವಾಲಿದ ಕೆಂಪು, ಅಂದರೆ ಹಳದಿ ಅದರೊಳಗೇ ಕೂತಿದೆ. ಪ್ರಷಿಯನ್ ಬ್ಲೂ ಹಸಿರಿನ ಕಡೆಗೆ ವಾಲಿದ ನೀಲಿ, ಅಲ್ಲೂ ಅದೇ ಕಥೆ. ನಾನು ಎರಡು ಬಣ್ಣ ಬೆರೆಸುತ್ತಿದ್ದೇನೆ ಅಂದುಕೊಂಡಿದ್ದರೆ ಪ್ಯಾಲೆಟ್ಟಿನಲ್ಲಿ ಮೂರೂ ಸೇರಿ ಒಂದನ್ನೊಂದು ಕೊಲ್ಲುತ್ತಿದ್ದವು. ಮೂರೂ ಸೇರಿದರೆ ರಾಡಿಯೇ. ಸ್ಕೂಲಲ್ಲಿ ಹೇಳಿಕೊಟ್ಟಿದ್ದು ಸುಳ್ಳಲ್ಲ, ಯಾವ ಕೆಂಪು, ಯಾವ ನೀಲಿ ಅಂತ ಯಾರೂ ಹೇಳಲಿಲ್ಲ ಅಷ್ಟೇ.

ಡಬ್ಬಿಯಲ್ಲಿ ಬೀಟ್‌ರೂಟಿನಂಥ ಕೆಂಪು ಕ್ರಿಮ್ಸನ್ ಇತ್ತು, ನೇರಳೆಯ ಕಡೆಗೆ ವಾಲಿದ ನೀಲಿ ಅಲ್ಟ್ರಾಮರೀನ್ ಇತ್ತು. ಎರಡನ್ನೂ ಬೆರೆಸಿ ನೀರು ಬಿಟ್ಟೆ. ನೇರಳೆ! ಅಷ್ಟು ಸುಲಭ. ಖುಷಿಯಲ್ಲಿ ಮರವನ್ನೆಲ್ಲ ಬಳಿದುಬಿಟ್ಟೆ. ಆದರೆ ಒಣಗುತ್ತಾ ಒಣಗುತ್ತಾ ಅದೂ ಸಪ್ಪೆಯಾಯಿತು, ವಾಟರ್ ಕಲರ್ ಒಣಗಿದ ಮೇಲೆ ಮಂಕಾಗುತ್ತೆ ಅನ್ನೋದು ಗೊತ್ತಿದ್ದರೂ ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಒಂದು ಆಟೋ ಬಂದು ಮರದ ಕೆಳಗೇ ನಿಂತಿತು. ಡ್ರೈವರ್ ಇಳಿದು ಟೀ ಕುಡಿಯೋಕೆ ಹೋದರು. ಅಡ್ಡ ಬಂತಲ್ಲಪ್ಪಾ ಅಂತ ಗೊಣಗುತ್ತಾ ತಲೆ ಎತ್ತಿದರೆ, ಆ ಹಳದಿ ಟಾಪಿನ ಮೇಲಿನ ಕೊಂಬೆ ಮಾತ್ರ ಬೇರೆ ಕೊಂಬೆಗಳಿಗಿಂತ ಗಾಢವಾಗಿ ಕಾಣುತ್ತಿತ್ತು. ಹೂ ಅದೇ, ಬಿಸಿಲೂ ಅದೇ. ಬೆರೆಸಿದರೆ ನೇರಳೆಯನ್ನು ಕೆಡಿಸುವ ಹಳದಿ, ಪಕ್ಕದಲ್ಲಿ ಕೂತರೆ ಅದನ್ನೇ ಎತ್ತಿ ತೋರಿಸುತ್ತೆ.

ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರೆಲ್ ಎಂಬ ರಸಾಯನ ವಿಜ್ಞಾನಿಗೂ ಇಂಥದ್ದೇ ತಲೆನೋವು ಬಂದಿತ್ತು. ಕಪ್ಪು ದಾರ ಮಂಕು ಅಂತ ದೂರು. ಪರೀಕ್ಷೆ ಮಾಡಿದರೆ ದಾರದಲ್ಲಿ ತಪ್ಪಿಲ್ಲ, ಪಕ್ಕದಲ್ಲಿದ್ದ ನೀಲಿ, ನೇರಳೆ ದಾರಗಳ ಕೈವಾಡ ಅದು. 1839ರಲ್ಲಿ ಅದರ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಸೀರೆ ಅಂಗಡಿಯಲ್ಲಿ ನಮ್ಮಮ್ಮ ಬ್ಲೌಸ್ ಪೀಸನ್ನ ಸೀರೆ ಮೇಲೆ ಇಟ್ಟೇ ನೋಡುತ್ತಿದ್ದುದೂ ಇದಕ್ಕೇ ಅಲ್ವಾ.

ಡ್ರೈವರ್ ಟೀ ಮುಗಿಸಿ ಬರೋದರೊಳಗೆ ಆಟೋವನ್ನ ಬರೆದು ಮುಗಿಸಬೇಕಿತ್ತು. ಗಡಿಬಿಡಿಯಲ್ಲಿ ಸ್ವಲ್ಪ ದೊಡ್ಡದೇ ಆಯಿತು, ಹಳದಿಯನ್ನೂ ಧಾರಾಳವಾಗಿ ಹಾಕಿದೆ. ನೇರಳೆ ನಿಜವಾಗಿಯೂ ಎದ್ದು ಕೂತಿತು.

ಮನೆಗೆ ಬಂದು ಮಗಳಿಗೆ ತೋರಿಸಿದೆ.

"ಆಟೋ ಚೆನ್ನಾಗಿದೆ ಅಪ್ಪಾ" ಅಂದಳು.