ಹೆರೆಮಣೆಗೆ ಮೂರಡಿ ಜಾಗ

ಆಟಿ ತಿಂಗಳ ಜಡಿಮಳೆ. ಇಂಟೀರಿಯರ್ ಮಾಡುವ ಹುಡುಗಿ ಮಣಿಪಾಲದಿಂದ ಸ್ಕೂಟರಿನಲ್ಲಿ ಅಂಬಲಪಾಡಿಯ ನಮ್ಮ ಮನೆಗೆ ಬಂದವಳು, ರೈನ್‌ಕೋಟು ಜಗಲಿಯ ಮೊಳೆಗೆ ಸಿಕ್ಕಿಸಿ, ಸೀದಾ ಅಡುಗೆಮನೆಗೆ ಹೋಗಿ ಮಣೆ ಹಾಕಿ ಕೂತುಬಿಟ್ಟಳು. ನಾನು ಮೊಬೈಲಿನಲ್ಲಿ ನಲವತ್ತು ಫೋಟೊ ಕೂಡಿಟ್ಟಿದ್ದೆ: ಬಿಳಿ ಸೋಫಾ, ಬೂದು ಗೋಡೆ, ಹಿಡಿಯೇ ಇಲ್ಲದ ಕಪಾಟು. ಎರಡು ನೋಡಿ ಫೋನು ವಾಪಸು ಕೊಟ್ಟಳು.

"ಇದೆಲ್ಲ ಆಮೇಲೆ ನೋಡುವ ಅಕ್ಕ. ನೀವು ದಿನಾ ಮಾಡುವ ಹಾಗೆ ಮಾಡಿ, ನಾನು ಸುಮ್ಮನೆ ಕೂತಿರ್ತೇನೆ."

ಫೀಸು ಕೊಡುವುದು ಕೂತಿರಲಿಕ್ಕಾ ಅಂತ ಒಳಗೊಳಗೇ ಸಿಟ್ಟು. ಆದರೆ ಬಾಯಿ ಬಿಡುವ ಹಾಗಿರಲಿಲ್ಲ. ಹಿಂದಿನ ಸಲ ಕ್ಯಾಟಲಾಗ್ ನೋಡಿ ನಾನೇ ಆರಿಸಿದ ಅಡುಗೆಮನೆ ಕಣ್ಣೆದುರೇ ಇತ್ತು. ಪಾರ್ಟಿಕಲ್ ಬೋರ್ಡು ಅಂದರೆ ಮರದ ಚೂರನ್ನು ಅಂಟು ಹಾಕಿ ಒತ್ತಿದ ಹಲಗೆ. ಅಂಚಿನಿಂದ ನೀರು ಹೊಕ್ಕರೆ ನೆನೆಹಾಕಿದ ಅವಲಕ್ಕಿಯ ಹಾಗೆ ಉಬ್ಬುತ್ತದೆ. ಎರಡನೇ ಮಳೆಗಾಲಕ್ಕೇ ಸಿಂಕಿನ ಕೆಳಗಿನ ಬಾಗಿಲು ಮುಚ್ಚದಾಯಿತು, ಒಳಗೆಲ್ಲ ಬೂಸ್ಟು.

ಹನ್ನೊಂದು ಗಂಟೆಗೆ ಅತ್ತೆ ಕಾಯಿ ತುರಿಯುವ ಹೆರೆಮಣೆ ತಂದು ಫ್ರಿಜ್ಜಿನ ಬದಿಯಲ್ಲಿ, ಓಡಾಡುವ ದಾರಿಗೆ ಅಡ್ಡವಾಗಿ ಕೂತರು. ಯಾವಾಗಲೂ ಅಲ್ಲೇ. ನಾನು ಬಿಸಿ ಪಾತ್ರೆ ಹಿಡಿದು ಅವರನ್ನು ಬಳಸಿಕೊಂಡೇ ಹೋಗುವುದು.

"ಅಮ್ಮಾ, ಕಿಟಕಿ ಹತ್ರ ಒಳ್ಳೆ ಬೆಳಕುಂಟಲ್ಲ, ಇಲ್ಯಾಕೆ ಕೂರುದು?"

"ಅಲ್ಲಿಂದ ಗೇಟು ಕಾಣುದಿಲ್ಲ ಮಗಾ. ಮೀನಿನವಳು ಕೂಗಿದ್ದು ಈ ಮಳೆಗೆ ಕೇಳ್ತದಾ?"

ಒಂದೇ ಮನೆಯಲ್ಲಿದ್ದು ನಾನು ಈ ಪ್ರಶ್ನೆ ಕೇಳಿಯೇ ಇರಲಿಲ್ಲ. ಹುಡುಗಿ ಟೇಪು ತೆಗೆದಳು. ಅತ್ತೆಯ ಬೆನ್ನಿನಿಂದ ಕಾಯಿತುರಿ ಬೀಳುವ ತಟ್ಟೆಯ ಆಚೆ ಅಂಚಿನವರೆಗೆ ಅಳೆದಳು: 3 ಅಡಿ 4 ಇಂಚು. ಅತ್ತೆಗೆ ನಾಚಿಕೆಯೋ ನಗುವೋ, ಹೆರೆಯುವ ಕೈ ಮಾತ್ರ ನಿಲ್ಲಲಿಲ್ಲ.

ಚಾವಡಿಗೆ ಜಿಪ್ಸಮ್ ಫಾಲ್ಸ್ ಸೀಲಿಂಗ್ ಬೇಕೆಂಬುದು ನನ್ನ ಇನ್ನೊಂದು ಹಟ. ಅದಕ್ಕವಳು ಹೆಂಚಿನ ಮಾಡು ತೋರಿಸಿ, "ಹೆಂಚು ಒಡೆದು ಸೋರಿದರೆ ಈಗ ಕೂಡಲೇ ಕಾಣ್ತದೆ. ಸೀಲಿಂಗ್ ಮುಚ್ಚಿದರೆ ಅದು ಕಲೆಯಾದ ಮೇಲೇ ಗೊತ್ತಾಗುದು" ಅಂದಳು. ಹಿತ್ತಿಲಲ್ಲಿ ಪೇರಿಸಿಟ್ಟ ಹಳೇ ಹೆಂಚಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರೆ, 1865 ಎಂಬ ಇಸವಿ. ನಮ್ಮ ಮಾವ ಬಂದವರಿಗೆಲ್ಲ "ಇದು 1865ರ ಹೆಂಚು" ಅಂತಿದ್ದರು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಹೆಂಚಿನದ್ದಲ್ಲ. ಪಾಪ, ಅವರಿರುವವರೆಗೆ ಯಾರೂ ತಿದ್ದಲಿಲ್ಲ. ಸೀಲಿಂಗ್ ಬಿಟ್ಟೆವು, ನಡುವೆ ಎರಡು ಗಾಜಿನ ಹೆಂಚು ಬಂತು. ಬಿಳಿ ಸೋಫಾದ ಮಾತು ನಾನೇ ಎತ್ತಲಿಲ್ಲ.

ಅಡುಗೆಮನೆಗೆ ಈಗ ಐಎಸ್ 710 ಮುದ್ರೆಯ ಮರೀನ್ ಪ್ಲೈ, ಅಂದರೆ ನೀರು ತಡೆದುಕೊಳ್ಳುವ ಪ್ಲೈವುಡ್. ಸಿಂಕಿನ ಕೆಳಗೆ ಗಾಳಿಯಾಡಲೆಂದು ಬಾಗಿಲೇ ಇಟ್ಟಿಲ್ಲ. ಗೇಟು ಕಾಣುವ ಮೂಲೆ ಪೂರ್ತಿ ಖಾಲಿ. ಅಲ್ಲಿದ್ದ ಫ್ರಿಜ್ಜು ಊಟದ ಕೋಣೆಗೆ ಹೋಯಿತು. ಮೊಸರು ಬೇಕಾದರೆ ನಾನು ಹನ್ನೊಂದು ಹೆಜ್ಜೆ ನಡೆಯಬೇಕು, ಎಣಿಸಿದ್ದೇನೆ. ಆ ವಿಷಯಕ್ಕೆ ಹುಡುಗಿಯ ಮೇಲೆ ಈಗಲೂ ಸ್ವಲ್ಪ ಸಿಟ್ಟುಂಟು. ಅತ್ತೆ ಮಾತ್ರ ಕೂತಲ್ಲಿಂದಲೇ ಕೂಗುತ್ತಾರೆ: "ಬುಟ್ಟಿ ಬಂತು, ಬಂಗುಡೆಯಾ ಕೇಳು!"