ತೋಪಿನ ಹಾಡು ಹುಡುಕಿಕೊಂಡು ಬಿಂಗ್‌ಶೋಗೆ

ಈ ಪ್ರವಾಸಕ್ಕೆ ಕಾರಣ ಒಂದು ಆಲ್ಬಮ್. ಸ್ವೀಡನ್ನಿನ ದುಂಗೆನ್ ಅನ್ನೋ ಬ್ಯಾಂಡಿನ ‘ತಾ ದೆ ಲುಂಗ್ತ್’. ಬೆಂಗಳೂರಿನಲ್ಲಿ ಬಾಡಿಗೆ ರೂಮಿನಲ್ಲಿದ್ದಾಗ ಗೆಳೆಯನೊಬ್ಬ ಪೆನ್‌ಡ್ರೈವಿನಲ್ಲಿ ತಂದುಕೊಟ್ಟಿದ್ದ. ಮೊದಲ ಹಾಡು ‘ಪಾಂಡಾ’. ಡ್ರಮ್ಸ್ ದಬದಬ ಉರುಳಿಕೊಂಡು ಬಂತು, ಅದರ ಬೆನ್ನಿಗೇ ಸ್ವಲ್ಪ ಒಡೆದ ಹಾಗೆ ಕೇಳುವ ಗಿಟಾರು, ಮೇಲೆ ಎಳೆಯ ದನಿಯ ಹಾಡು. ಇದು 1969ರ ಯಾವುದೋ ಕಳೆದುಹೋದ ರೆಕಾರ್ಡ್ ಇರಬೇಕು, ಯಾರೋ ಅಟ್ಟದ ಮೇಲಿಂದ ತೆಗೆದು ಧೂಳು ಒರೆಸಿದ್ದಾರೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು 2004ರದ್ದು. ಅಷ್ಟು ಹೊಸದು ಅಷ್ಟು ಹಳೆಯದಾಗಿ ಕೇಳುವುದು ಹೇಗೆ ಅನ್ನೋ ಪ್ರಶ್ನೆ ಅವತ್ತಿನಿಂದ ತಲೆಯಲ್ಲೇ ಇತ್ತು.

ಅಕ್ಕನ ಮಗಳು, ಅಂದರೆ ನನ್ನ ಸೋದರಸೊಸೆ, ಸ್ಟಾಕ್‌ಹೋಮಿನ ಕಿಸ್ತಾದಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಯಿತು. ‘ಮಾಮ, ಬೇಸಿಗೆಯಲ್ಲೇ ಬನ್ನಿ, ಚಳಿಗಾಲದಲ್ಲಿ ನಿಮ್ಮ ಕೈಲಿ ಆಗಲ್ಲ’ ಅಂತ ಪ್ರತಿ ವರ್ಷ ಕರೆಯುತ್ತಿದ್ದಳು. ಈ ಸಲ ಜೂನ್ ಕೊನೆಗೆ ಹೊರಟೆ.

ಮೊದಲ ನಾಲ್ಕು ದಿನ ಎಲ್ಲರೂ ನೋಡುವುದನ್ನೇ ನೋಡಿದೆ. ವಾಸಾ ಹಡಗು ದೊಡ್ಡದು, ನಿಜ. 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿದ ಹಡಗು ಅಷ್ಟು ಗಟ್ಟಿಯಾಗಿ ನಿಂತಿರುವುದನ್ನು ನೋಡಿ ಖುಷಿಯಾಯಿತು. ಹಳೆಯ ಪಟ್ಟಣದ ಓಣಿಗಳು ಫೋಟೋದಲ್ಲೇ ಜಾಸ್ತಿ ಚಂದ. ಒಂದರ ಪಕ್ಕ ಒಂದು ಅಂಗಡಿ, ಎಲ್ಲದರಲ್ಲೂ ಅದೇ ಮರದ ಕುದುರೆ, ಅದೇ ವೈಕಿಂಗ್ ಟೋಪಿ. ಐದನೇ ದಿನ ಸೋದರ್‌ಮಾಲ್ಮ್‌ನಲ್ಲಿ ಹಳೆಯ ರೆಕಾರ್ಡುಗಳ ಒಂದು ಅಂಗಡಿಗೆ ಹೋದೆ. ನನ್ನ ಮಟ್ಟಿಗೆ ಪ್ರವಾಸ ಶುರುವಾಗಿದ್ದು ಅಲ್ಲಿಂದ.

ಮೂರು ಮೆಟ್ಟಿಲು ಇಳಿದು ಹೋಗುವ ಸಣ್ಣ ಅಂಗಡಿ. ಒಳಗೆ ಹಳೆಯ ರಟ್ಟಿನ ವಾಸನೆ. ಅರವತ್ತು ದಾಟಿದ ಮಾಲೀಕರು ಕನ್ನಡಕ ಹಣೆಗೇರಿಸಿಕೊಂಡು ಒಂದು ರೆಕಾರ್ಡನ್ನು ಬಟ್ಟೆಯಿಂದ ಒರೆಸುತ್ತಾ ಕೂತಿದ್ದರು. ಐದೇ ನಿಮಿಷದಲ್ಲಿ ನನಗೆ ಬೇಕಾದ ಎಲ್‌ಪಿ ಸಿಕ್ಕಿತು. ಎದೆ ಡವಡವ ಅನ್ನುತ್ತಿತ್ತು. ಕೌಂಟರಿಗೆ ಹೋಗಿ ನೋಟು ತೆಗೆದರೆ ಅವರು ಗೋಡೆಯ ಮೇಲಿನ ಚೀಟಿ ತೋರಿಸಿದರು. ನಗದು ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಕಮಿಷನ್ ಕೊಟ್ಟು ಕೊಂಡ ಕ್ರೋನರ್ ನೋಟುಗಳು ಜೇಬಿನಲ್ಲೇ ಉಳಿದವು. ಕಾರ್ಡ್ ಕೊಟ್ಟೆ. ಆಗಲಿಲ್ಲ. ಇನ್ನೊಂದು ಸಲ. ಆಗಲಿಲ್ಲ.

ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ, ಅದಕ್ಕೇ ಹೇಳುತ್ತೇನೆ. ನಮ್ಮಲ್ಲಿ ಈಗ ಕೊಡುವ ಕಾರ್ಡುಗಳಲ್ಲಿ ವಿದೇಶದ ವಹಿವಾಟು ಮೊದಲಿಂದಲೂ ಬಂದ್ ಆಗಿರುತ್ತದೆ, 2020ರಿಂದ ರಿಸರ್ವ್ ಬ್ಯಾಂಕಿನ ನಿಯಮವೇ ಹಾಗೆ. ಬ್ಯಾಂಕಿನ ಆ್ಯಪ್‌ಗೆ ಹೋಗಿ ನಾವೇ ಆನ್ ಮಾಡಬೇಕು. ಹೊರಡುವ ವಾರ ನಾನು ಬ್ರಾಂಚಿಗೇ ಹೋಗಿ ಕೇಳಿದ್ದೆ, ‘ಎಲ್ಲಾ ಸರಿ ಇದೆ ಸರ್’ ಅಂದು ಕಳಿಸಿದ್ದರು. ಯಾರ ಮಾತನ್ನೂ ನಂಬಬೇಡಿ, ಮನೆಯಲ್ಲಿ ಕೂತು ನೀವೇ ಆನ್ ಮಾಡಿಕೊಂಡು ಹೊರಡಿ. ಒಟಿಪಿ ಬರುವ ಸಿಮ್ಮನ್ನೂ ಚಾಲೂ ಇಟ್ಟುಕೊಳ್ಳಿ. ನನ್ನದು ಚಾಲೂ ಇರಲಿಲ್ಲ, ಹಾಗಾಗಿ ಅಲ್ಲಿ ನಿಂತು ಏನೂ ಮಾಡುವ ಹಾಗಿರಲಿಲ್ಲ. ಅಲ್ಲಿಯವರು ಫೋನಿನಿಂದ ದುಡ್ಡು ಕಳಿಸುವ ಸ್ವಿಶ್‌ಗೆ ಅಲ್ಲಿಯದೇ ಬ್ಯಾಂಕ್ ಖಾತೆ ಬೇಕು. ಅದು ಇದ್ದ ಸೊಸೆ ಮೀಟಿಂಗಿನಲ್ಲಿದ್ದಳು, ಇನ್ನೂ ಒಂದು ಗಂಟೆ ಅಂತ ಮೆಸೇಜ್ ಹಾಕಿದಳು.

ಮಾಲೀಕರು ಎಲ್‌ಪಿಯನ್ನು ಪಕ್ಕಕ್ಕೆ ತೆಗೆದಿಟ್ಟು ಒಂದು ಸ್ಟೂಲು ಎಳೆದುಕೊಟ್ಟರು. ಕಾಫಿ ಬಗ್ಗಿಸಿದರು. ಆಮೇಲೆ ಕೇಳಿದರು, ‘ಇದರ ಒಂದು ಮಾತೂ ನಿಮಗೆ ಅರ್ಥ ಆಗಲ್ಲ ಅಲ್ವಾ?’

ಇಲ್ಲ ಅಂದೆ. ಹಿಂದಿನ ರಟ್ಟು ತಿರುಗಿಸಿ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ನಾನು ಮನಸ್ಸಿನಲ್ಲೇ ಕನ್ನಡ ಮಾಡಿಕೊಳ್ಳುತ್ತಿದ್ದೆ. ದುಂಗೆನ್ ಅಂದರೆ ತೋಪು. ಬಯಲ ನಡುವೆ ಗುಂಪಾಗಿ ನಿಂತ ಒಂದಿಷ್ಟು ಮರ. ತಾ ದೆ ಲುಂಗ್ತ್ ಅಂದರೆ ಸಮಾಧಾನ, ಅವಸರ ಬೇಡ. ‘ಲಿಪ್‌ಸಿಲ್’ ಅಂದರೆ ಮಾತು ಮಾತಿಗೂ ಅಳುವ ಮಗು, ನಮ್ಮ ಅಳುಬುರುಕ. ‘ಬೊರ್ತ್‌ಗ್ಲೊಮ್ದ್’ ಅಂದರೆ ಮರೆತುಹೋದದ್ದು. ಅದರ ಮುಂದಿನ ತುಣುಕಿನ ಹೆಸರು ಉದ್ದ, ಬೇಕೆಂದೇ ಹಳೆಯ ಕಾಲದ ಸ್ವೀಡಿಷ್ ಮಾತಿನಲ್ಲಿದೆಯಂತೆ: ಮರೆತ ಕಲೆಗೆ ಒಮ್ಮೊಮ್ಮೆ ಮತ್ತೆ ಮರ್ಯಾದೆ ಬರುತ್ತದೆ. ಇಷ್ಟು ವರ್ಷ ಕೇಳಿದ ಆಲ್ಬಮ್ಮಿಗೆ ಅವತ್ತು ಮೊದಲ ಸಲ ಬಾಯಿ ಬಂದ ಹಾಗಾಯಿತು.

‘ನಮ್ಮ ದೇಶ ಹೊರಗೆ ಕಳಿಸಿದ್ದೆಲ್ಲ ಇಂಗ್ಲಿಷ್ ಹಾಡು. ಆಬಾ ಹಾಡಿದ್ದು ಇಂಗ್ಲಿಷ್, ರಾಕ್ಸೆಟ್ ಹಾಡಿದ್ದು ಇಂಗ್ಲಿಷ್. ಈ ಹುಡುಗ ಸ್ವೀಡಿಷಿನಲ್ಲಿ ಹಾಡಿದ, ಅಮೆರಿಕಾದವರು ಅರ್ಥ ಆಗದೇ ಇದ್ದರೂ ಕೊಂಡರು. ಆಗ ನಮಗೆಲ್ಲ ಎಷ್ಟು ಸಂತೋಷ ಆಯ್ತು ಗೊತ್ತಾ?’ ಅಂದರು. ಹುಡುಗ ಅಂದರೆ ಗುಸ್ತಾವ್ ಎಯ್ಸ್ಟೆಸ್. ಹಾಡು ಬರೆದದ್ದು, ಹಾಡಿದ್ದು ಅವನೇ, ವಾದ್ಯಗಳಲ್ಲೂ ಹೆಚ್ಚಿನವು ಅವನದೇ. ಮೈ ಜುಂ ಅನ್ನಿಸುವ ಎಲೆಕ್ಟ್ರಿಕ್ ಗಿಟಾರ್ ಮಾತ್ರ ರೇಯ್ನೆ ಫಿಸ್ಕೆಯದು. ಎಯ್ಸ್ಟೆಸ್ ಮೊದಲು ಹಿಪ್‌ಹಾಪ್ ಹುಚ್ಚಿನವನು. ಸ್ಯಾಂಪಲ್ ಮಾಡಲಿಕ್ಕೆ, ಅಂದರೆ ತುಣುಕು ತೆಗೆದು ಹೊಸ ಹಾಡಿಗೆ ಸೇರಿಸಲಿಕ್ಕೆ, ಹಳೆಯ ರೆಕಾರ್ಡು ಹುಡುಕುತ್ತಾ ಹೋಗಿ ಆ ಹಳೆಯ ಸದ್ದಿಗೇ ಮನಸೋತ. ‘ತುಣುಕು ಕತ್ತರಿಸಿ ಅಂಟಿಸುವ ಬದಲು ಪೂರ್ತಿ ರೆಕಾರ್ಡನ್ನೇ ತಾನು ಮಾಡಿದ’ ಅಂದರು ಮಾಲೀಕರು. ಆ ಡ್ರಮ್ಸ್ ಯಾಕೆ ಅಷ್ಟು ಹತ್ತಿರ, ಅಷ್ಟು ಒಣಗಿ ಕೇಳುತ್ತದೆ ಅನ್ನುವುದು ನನಗೆ ಆಗ ಹೊಳೆಯಿತು. ಸ್ಯಾಂಪಲ್ ಹುಡುಕುವವನಿಗೆ ಬೇಕಾಗುವುದೇ ಅಂಥ ಏಟು.

ಆಮೇಲೆ ಅವರು 1970ರ ಯೆರ್ಡೆಟ್ ಹಬ್ಬದ ವಿಷಯ ತೆಗೆದರು. ಸ್ಟಾಕ್‌ಹೋಮಿನ ಆ ದೊಡ್ಡ ಬಯಲಿನಲ್ಲಿ ಬ್ಯಾಂಡುಗಳು ತಾವೇ ವೇದಿಕೆ ಕಟ್ಟಿ, ಟಿಕೆಟ್ ಇಲ್ಲದೆ ನುಡಿಸಿದ ಹಬ್ಬ. ಅವರು ಆಗ ಇನ್ನೂ ಚಿಕ್ಕವರು, ಅಣ್ಣನ ಹೆಗಲ ಮೇಲೆ ಕೂತು ನೋಡಿದ್ದರಂತೆ. ಅಲ್ಲಿ ನುಡಿಸಿದ ಒಂದು ಬ್ಯಾಂಡಿನ ಹೆಸರು ‘ತ್ರೇದ್, ಗ್ರೇಸ್ ಓ ಸ್ತೇನಾರ್’, ಅಂದರೆ ಮರ, ಹುಲ್ಲು, ಕಲ್ಲು. ಅದು ಮೊದಲು ಪೇರ್ಸನ್ ಸೌಂಡ್ ಅನ್ನುವ ಹೆಸರಿನಲ್ಲಿತ್ತು. ಅಮೆರಿಕಾದ ಸಂಗೀತಗಾರ ಟೆರಿ ರೈಲಿ 1967ರಲ್ಲಿ ಸ್ಟಾಕ್‌ಹೋಮಿಗೆ ಬಂದಿದ್ದ, ಒಂದೇ ಸ್ವರವನ್ನು ಹಿಡಿದು ಗಂಟೆಗಟ್ಟಲೆ ನಿಲ್ಲುವ ಹುಚ್ಚು ಇವರಿಗೆ ಹತ್ತಿದ್ದು ಅವನಿಂದ ಅಂದರು.

ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ಟೆರಿ ರೈಲಿ ಆಮೇಲೆ, 1970ರಲ್ಲಿ, ಹಿಂದೂಸ್ತಾನಿ ಗಾಯಕ ಪಂಡಿತ ಪ್ರಾಣನಾಥರ ಶಿಷ್ಯನಾದ. ಪ್ರಾಣನಾಥರು ಕಿರಾನಾ ಘರಾಣೆಯವರು. ನಾನು ಧಾರವಾಡದವನು. ಕುಂದಗೋಳದ ಸವಾಯಿ ಗಂಧರ್ವರು, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಎಲ್ಲ ಅದೇ ಘರಾಣೆ. ಫೋನಿನಲ್ಲಿದ್ದ ಗಂಗೂಬಾಯಿಯವರ ಹಾಡು ಹಾಕಿದೆ. ಅವರು ಕನ್ನಡಕ ಕೆಳಗಿಳಿಸಿ, ಬಟ್ಟೆ ಪಕ್ಕಕ್ಕಿಟ್ಟು, ಹಿಂದೆ ಮಿಡಿಯುವ ತಂಬೂರಿಯನ್ನೇ ಕೇಳುತ್ತಾ ಕೂತರು. ಗಿರಾಕಿಯೊಬ್ಬ ಬಂದ, ಬೆರಳು ತುಟಿಗಿಟ್ಟು ಅವನನ್ನೂ ನಿಲ್ಲಿಸಿದರು. ಹಾಡು ಮುಗಿದ ಮೇಲೆ ಒಂದು ಚೀಟಿಯಲ್ಲಿ ಬಿಂಗ್‌ಶೋ ಅಂತ ಬರೆದು ಕೊಟ್ಟರು. ‘ಈ ವಾರ ಅಲ್ಲಿ ಪಿಟೀಲಿನವರೆಲ್ಲ ಸೇರುತ್ತಾರೆ. ದುಂಗೆನ್ ಯಾಕೆ ಹಾಗೆ ಕೇಳುತ್ತದೆ ಅಂತ ಇಲ್ಲಿ ಕೂತರೆ ಗೊತ್ತಾಗಲ್ಲ. ಅಲ್ಲಿಗೆ ಹೋಗಿ.’

ಅಷ್ಟರಲ್ಲಿ ಸೊಸೆ ದುಡ್ಡು ಕಳಿಸಿದಳು.

ಬಿಂಗ್‌ಶೋ ಇರುವುದು ದಾಲಾರ್ನಾ ಪ್ರಾಂತ್ಯದಲ್ಲಿ. ಸ್ಟಾಕ್‌ಹೋಮಿನಿಂದ ರೈಲಿನಲ್ಲಿ ರೆಟ್ವಿಕ್‌ಗೆ ಹೋಗಬೇಕು, ಸಿಲಿಯಾನ್ ಸರೋವರದ ದಡದ ಊರು. ದಾರಿಯುದ್ದಕ್ಕೂ ಕಾಡು, ನೀರು, ಕೆಂಪು ಬಣ್ಣದ ಮರದ ಮನೆ. ಆ ಕೆಂಪು ಫಾಲುನ್ ತಾಮ್ರದ ಗಣಿಯ ಮಣ್ಣಿನದು. ಮೊದಲು ಚಂದ ಕಂಡಿತು, ಎರಡು ಗಂಟೆ ನೋಡಿದ ಮೇಲೆ ಒಂದು ಹಳದಿ ಮನೆ ಬಂದರೂ ಸಾಕು ಅನಿಸಿತು. ರೆಟ್ವಿಕ್‌ನಿಂದ ಮುಂದೆ ಬಸ್ಸು. ಬಸ್ಸು ಹೊರಟೇಹೋಯಿತು ಅಂತ ನಾನು ಚೀಲ ಹಿಡಿದು ಓಡಿ ಹತ್ತಿ ಏದುಸಿರು ಬಿಡುತ್ತಿದ್ದರೆ ಡ್ರೈವರಮ್ಮ ಕೈ ಆಡಿಸಿ ‘ತಾ ದೆ ಲುಂಗ್ತ್’ ಅಂದರು. ಪಕ್ಕದಲ್ಲಿ ನಿಂತು ಯಾರೂ ಬಿಡಿಸಿ ಹೇಳದೆ ನನಗೆ ಅರ್ಥವಾದ ಮೊದಲ ಸ್ವೀಡಿಷ್ ಮಾತು ಅದು.

ಇಲ್ಲಿನ ಪಿಟೀಲು ಮೇಳ ಶುರುವಾಗಿದ್ದು 1969ರಲ್ಲಿ. ಅದಕ್ಕೂ ಬಹಳ ಮೊದಲೇ ಯೊರ್ತ್ ಆಂಡೆರ್ಸ್ ಅನ್ನುವ ಪಿಟೀಲುಗಾರನಿಂದ ಈ ಸಣ್ಣ ಹಳ್ಳಿಗೆ ಹೆಸರು ಬಂದಿತ್ತು. ವೇದಿಕೆ ಇದೆ, ಅಲ್ಲಿಯೂ ನುಡಿಸುತ್ತಾರೆ, ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಿಜವಾದದ್ದು ನಡೆಯುವುದು ವೇದಿಕೆಯ ಆಚೆ. ಕಾರು ನಿಲ್ಲಿಸಿದ ಹುಲ್ಲುಗಾವಲು, ಕೊಟ್ಟಿಗೆಯ ಹಿಂದೆ, ಮರದ ಬುಡ, ಎಲ್ಲಿ ಬೇಕಾದರೂ ಇಬ್ಬರು ಮೂವರು ನಿಂತು ಶುರುಮಾಡುತ್ತಾರೆ. ಪರಿಚಯ ಇಲ್ಲದವರು ಬಂದು ಸೇರಿಕೊಳ್ಳುತ್ತಾರೆ. ಇದಕ್ಕೆ ಬುಸ್ಕ್‌ಸ್ಪೆಲ್ ಅನ್ನುತ್ತಾರೆ, ಪೊದೆಯ ಬಾಜಣೆ ಅಂತಲೇ ಅರ್ಥ. ಮೈಕ್ ಇಲ್ಲ, ಚಪ್ಪಾಳೆಯೂ ಕಡಿಮೆ.

ರಾತ್ರಿ 11ಕ್ಕೂ ಪುಸ್ತಕ ಓದುವಷ್ಟು ಬೆಳಕು. ಸೊಳ್ಳೆ ಮಾತ್ರ ವಿಪರೀತ, ತುಂಬುತೋಳಿನ ಅಂಗಿ ತಪ್ಪಿಸಬೇಡಿ. ಇಳಿಜಾರಿನ ತುದಿಯಲ್ಲಿ ಏಳೆಂಟು ಸ್ಪ್ರೂಸ್ ಮರಗಳು ಒತ್ತೊತ್ತಾಗಿ ನಿಂತಿದ್ದವು. ಒಂದು ತೋಪು. ಅದರೊಳಗೆ ಮೂವರು. ಬಿಳಿಗಡ್ಡದ ಅಜ್ಜ, ಇಪ್ಪತ್ತರ ಆಸುಪಾಸಿನ ಹುಡುಗಿ, ಇಬ್ಬರ ಕೈಯಲ್ಲೂ ಪಿಟೀಲು. ಮೂರನೆಯವನ ಕೊರಳಲ್ಲಿ ನಿಕೆಲ್‌ಹಾರ್ಪಾ. ಪಿಟೀಲಿನ ಹಾಗೆ ಕಮಾನಿನಿಂದ ನುಡಿಸುವುದು, ಸ್ವರಕ್ಕೆ ಮರದ ಕೀಲಿಗಳು. ನುಡಿಸುವ ತಂತಿಗಳ ಕೆಳಗೆ ಇನ್ನೂ ಹನ್ನೆರಡು ತಂತಿ ಸುಮ್ನೆ ಇರುತ್ತವೆ, ಸಿತಾರಿನ ತರಫ್ ತಂತಿಗಳ ಹಾಗೆ ತಾವಾಗಿಯೇ ಗುಂಯ್ ಅನ್ನುತ್ತವೆ. ಹತ್ತಿರ ಹೋದರೆ ಅವನು ಕೀಲಿ ಒತ್ತುವ ಟಕಟಕ ಸದ್ದೂ ಕೇಳುತ್ತಿತ್ತು.

ಅವರು ನುಡಿಸುತ್ತಿದ್ದದ್ದು ಪೋಲ್ಸ್ಕಾ. ಮೂರು ಏಟಿನ ಕುಣಿತದ ಮಟ್ಟು. ಆದರೆ ಮೂರೂ ಏಟು ಒಂದೇ ಉದ್ದ ಇರುವುದಿಲ್ಲ. ನಾನು ತೊಡೆಯ ಮೇಲೆ ತಾಳ ಹಾಕಲು ನೋಡಿದೆ, ಪ್ರತಿ ಸಲ ಎರಡನೇ ಏಟು ನನ್ನ ಕೈಗೆ ಸಿಗದೆ ಜಾರಿತು. ಅಜ್ಜ ಕಾಲಿನಿಂದ ಒಂದು ಮತ್ತು ಮೂರನ್ನು ಮಾತ್ರ ನೆಲಕ್ಕೆ ಒತ್ತುತ್ತಿದ್ದರು. ಅದನ್ನು ನೋಡುತ್ತಾ ಸಮ, ಅಂದರೆ ತಾಳದ ಮೊದಲ ಏಟು, ಹಿಡಿದೆ. ಆಮೇಲೆ ಗಾಂಧಾರ, ಅಂದರೆ ಸರಿಗಮದ ಗ, ಕೇಳಿಸಿತು. ಅದು ಕೋಮಲ ಅಲ್ಲ, ಶುದ್ಧವೂ ಅಲ್ಲ, ಎರಡರ ನಡುವೆ ಎಲ್ಲೋ. ಬೆರಳು ತಪ್ಪಿತೇನೋ ಅಂದುಕೊಂಡೆ. ಮಟ್ಟು ಸುತ್ತಿ ಬಂದಾಗ ಪಿಟೀಲಿನವರಿಬ್ಬರೂ ಅದೇ ಜಾಗಕ್ಕೆ ಬಂದರು. ನಿಕೆಲ್‌ಹಾರ್ಪಾದವನಿಗೆ ಕೀಲಿ ಇದ್ದರೂ ಅವನು ಆ ಸ್ವರವನ್ನೇ ಬಿಟ್ಟು, ಕೆಳಗಿನ ಷಡ್ಜ ಹಿಡಿದು ನಿಂತು, ಉಳಿದಿಬ್ಬರಿಗೆ ದಾರಿ ಕೊಡುತ್ತಿದ್ದ.

‘ಪಾಂಡಾ’ದಲ್ಲಿ, ‘ದು ಎ ಫೋರ್ ಫೀನ್ ಫೋರ್ ಮೇ’ಯಲ್ಲಿ ನನ್ನನ್ನು ಇಷ್ಟು ವರ್ಷ ಕಾಡಿದ ಎಳೆತ ಇದೇ ಅಂತ ನನಗೆ ಆ ತೋಪಿನಲ್ಲಿ ಅನಿಸಿತು. ಆ ಎರಡನೇ ಹಾಡಿನ ಹೆಸರಿಗೆ, ನೀನು ನನಗೆ ತೀರಾ ಹೆಚ್ಚಿನವಳು ಅಂತ ಅರ್ಥ. ಎಂಟು ನಿಮಿಷ ದಾಟುವ ಹಾಡು, ತಂತಿವಾದ್ಯಗಳಿಂದ ಮೆಲ್ಲಗೆ ಶುರುವಾಗಿ ಕೊನೆಗೆ ಗಿಟಾರಿನಲ್ಲಿ ಹೊತ್ತಿ ಉರಿಯುತ್ತದೆ. ಅದನ್ನು ನಾನು ಯಾವಾಗಲೂ 60ರ ದಶಕದ ಇಂಗ್ಲಿಷ್ ಬ್ಯಾಂಡುಗಳ ಜೊತೆ ಇಟ್ಟು ಕೇಳುತ್ತಿದ್ದೆ. ಅಂಗಡಿಯವರು ಹೇಳಿದ್ದರು, ಎಯ್ಸ್ಟೆಸ್‌ನ ಅಪ್ಪ ಹಳ್ಳಿಯ ಪಿಟೀಲು ನುಡಿಸುವವರು ಅಂತ. ಆಗ ತಲೆಯಾಡಿಸಿ ಸುಮ್ಮನಾಗಿದ್ದೆ. ಟೇಪು, ವಾಲ್ವ್ ಆಂಪ್ಲಿಫೈಯರ್, ಗಿಟಾರಿನ ಸದ್ದು ಒಡೆಸುವ ಫಝ್, ಇವೆಲ್ಲ ದುಡ್ಡಿದ್ದರೆ ಯಾರು ಬೇಕಾದರೂ ತಂದುಕೊಳ್ಳಬಹುದು, ಹಾಗೆ ತಂದು ಹಳೆಯ ಸದ್ದು ಮಾಡುವ ಬ್ಯಾಂಡುಗಳು ನೂರಾರು ಇವೆ, ಅವುಗಳಲ್ಲಿ ಹೆಚ್ಚಿನವು ನನಗೆ ಎರಡನೇ ಸಲ ಕೇಳಬೇಕು ಅನಿಸುವುದಿಲ್ಲ. ಈ ಗಾಂಧಾರ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಮನೆಯಲ್ಲಿ ಕೇಳಿ ಬೆಳೆದಿರಬೇಕು.

ಒಂದು ಮಟ್ಟು ಮುಗಿದಾಗ ಹುಡುಗಿಯನ್ನು ಕೇಳಿದೆ, ಆ ಸ್ವರ ಯಾವುದು?

ಅವಳು ಅಜ್ಜನ ಕಡೆ ನೋಡಿದಳು. ಅಜ್ಜನಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ನನ್ನ ಕೈ ಹಿಡಿದು ಹತ್ತಿರ ಎಳೆದು, ಪಿಟೀಲನ್ನು ನನ್ನ ಕಿವಿಯ ಹತ್ತಿರ ತಂದು ಆ ಒಂದೇ ಸ್ವರವನ್ನು ನಿಧಾನಕ್ಕೆ ಎಳೆದರು. ಬೆರಳನ್ನು ಕೂದಲೆಳೆಯಷ್ಟು ಮೇಲೆ ಜರುಗಿಸಿ ತಲೆ ಅಲ್ಲಾಡಿಸಿದರು, ಇದಲ್ಲ. ಕೆಳಗೆ ಜರುಗಿಸಿ ಮತ್ತೆ ಅಲ್ಲಾಡಿಸಿದರು, ಇದೂ ಅಲ್ಲ. ನಡುವೆ ಬಂದು ಕಣ್ಣು ಮುಚ್ಚಿಕೊಂಡರು. ನಮ್ಮ ಮೇಷ್ಟ್ರು ಧಾರವಾಡದ ಮನೆಯ ಪಡಸಾಲೆಯಲ್ಲಿ ಹೀಗೇ ಕಲಿಸುತ್ತಿದ್ದರು. ಬಾಯಲ್ಲಿ ಹೇಳುತ್ತಿರಲಿಲ್ಲ, ಹಾಡಿ ತೋರಿಸಿ, ನಮಗೆ ಸಿಗುವವರೆಗೂ ಬಿಡುತ್ತಿರಲಿಲ್ಲ. ನಾನು ಮೆಲ್ಲಗೆ ಆ ಸ್ವರ ಗುನುಗಿದೆ. ಅಜ್ಜ ಕಣ್ಣು ತೆರೆಯದೆ ತಲೆದೂಗಿದರು. ಆಮೇಲೆ ಬೆಳಗಿನ 3ರವರೆಗೆ ಆ ತೋಪಿನಲ್ಲೇ ಇದ್ದೆ, ಚಳಿ ಹತ್ತಿದ್ದೂ ಗೊತ್ತಾಗಲಿಲ್ಲ.

ಉಳಿದ ಮೂರು ದಿನದಲ್ಲಿ ಏನು ನೋಡಿದೆ ಅಂತ ಬರೆಯುವಂಥದ್ದೇನಿಲ್ಲ. ಹೊರಡುವ ಹಿಂದಿನ ರಾತ್ರಿ ಸೊಸೆ ಪಕ್ಕದ ಮನೆಯವರಿಂದ ಟರ್ನ್‌ಟೇಬಲ್ ಕೇಳಿ ತಂದಳು. ನಾಲ್ಕು ವರ್ಷ ಆ ದೇಶದಲ್ಲಿದ್ದು ಅವಳು ದುಂಗೆನ್ ಕೇಳಿರಲಿಲ್ಲ. ಮುಳ್ಳು ಇಳಿಸಿದೆ. ಡ್ರಮ್ಸ್ ಉರುಳಿ ಬಂತು. ಅವಳಿಗೆ ಸ್ವೀಡಿಷ್ ಚೆನ್ನಾಗಿ ಬರುತ್ತದೆ. ಎರಡು ಸಾಲು ಆಗುವ ಮೊದಲೇ ನಾನು ಕೇಳಿದೆ, ‘ಏನಂತ ಹಾಡ್ತಿದಾನೆ ಹೇಳು.’

‘ಮಾಮ, ಸ್ವಲ್ಪ ಸುಮ್ನಿರಿ’ ಅಂದಳು, ‘ಹಾಡು ಮುಗೀಲಿ.’